ನಾಲ್ಕು ಬಗೆ, ಒಂದು ಗಂಟೆ: ಅಣ್ಣನನ್ನು ಕರೆದುಕೊಂಡು ಹೋದ ಮಂಗಳೂರಿನ ಮೆದುಳು ಪುನಶ್ಚೇತನ ಕೇಂದ್ರ

ಐದರಲ್ಲಿ ನಾಲ್ಕು ನಕ್ಷತ್ರ ಕೊಟ್ಟಿದ್ದೇನೆ. ಒಂದು ಯಾಕೆ ಕಡಿಮೆ ಎಂದು ಕೊನೆಗೆ ಬರೆಯುತ್ತೇನೆ. ತಲೆಗೆ ಪೆಟ್ಟು ಬಿದ್ದು, ಆಸ್ಪತ್ರೆಯವರು "ಎಲ್ಲ ನಾರ್ಮಲ್" ಎಂದು ಕಳಿಸಿದ ಮೇಲೂ ಮನುಷ್ಯ ಮೊದಲಿನ ಹಾಗಿಲ್ಲವಲ್ಲ ಎಂದು ಒದ್ದಾಡುವ ಮನೆಯವರು ನಮ್ಮ ಕಡೆ ಬೇಕಾದಷ್ಟಿದ್ದಾರೆ. ಅಂಥವರಿಗೋಸ್ಕರ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ನಾವು ಅಡುಗೆಯವರು. ಮೂಲ ಸಾಲಿಗ್ರಾಮ, ಇಪ್ಪತ್ತೆರಡು ವರ್ಷದಿಂದ ಉಡುಪಿಯ ಕುಂಜಿಬೆಟ್ಟಿನಲ್ಲಿ ಇದ್ದೇವೆ. ಮದುವೆ, ಉಪನಯನ, ಗೃಹಪ್ರವೇಶ, ವೈಕುಂಠ ಸಮಾರಾಧನೆ ಎಲ್ಲದಕ್ಕೂ ಹೋಗುತ್ತೇವೆ. ಅಣ್ಣನಿಗೆ 54, ನನಗೆ 47. ಹೆಸರಿಗೆ ಇಬ್ಬರೂ ಭಟ್ರು. ಆದರೆ ಅಡುಗೆ ಅಣ್ಣನದ್ದು, ನಾನು ಅವನ ಕೈ. ಐನೂರು ಜನರ ಊಟ ಎಂದರೆ ಹಿಂದಿನ ರಾತ್ರಿ ಎಲೆಯಡಿಕೆ ಹಾಕಿಕೊಂಡು ಹತ್ತು ನಿಮಿಷ ಸುಮ್ಮನೆ ಕೂರುತ್ತಿದ್ದ, ಅಷ್ಟೆ. ಒಂದು ಅಕ್ಷರ ಬರೆಯುತ್ತಿರಲಿಲ್ಲ. ಬೆಳಗಿನ ಜಾವ ಮೂರೂವರೆಗೆ ಮೊದಲ ಒಲೆ ಹೊತ್ತಿಸಿದವನು ಹನ್ನೆರಡೂವರೆಗೆ ಎಲೆ ಹಾಕುವ ತನಕ ಮಧ್ಯದಲ್ಲಿ ನಿಂತಿರುತ್ತಿದ್ದ. ಹುಳಿಗೆ ಮಸಾಲೆ ಅರೆದು ಬರುವ ಹೊತ್ತಿಗೆ ತರಕಾರಿ ಬೆಂದಿರಬೇಕು, ಪಾಯಸದ ಕಾಯಿಹಾಲು ಹಿಂಡುವ ಹೊತ್ತಿಗೆ ಒಂದು ಒಲೆ ಖಾಲಿಯಾಗಬೇಕು, ಅನ್ನದ ಕೊನೆಯ ಕೊಪ್ಪರಿಗೆ ಎರಡನೇ ಪಂಕ್ತಿಗೆ ಸರಿಯಾಗಿ ಇಳಿಯಬೇಕು. ಅವನು ಸಟ್ಟುಗ ಮುಟ್ಟುತ್ತಿದ್ದದ್ದೇ ಕಡಿಮೆ. ಯಾರು, ಯಾವಾಗ, ಎಂತ ಎನ್ನುವುದಷ್ಟೇ ಅವನ ಕೆಲಸ.

ಕಳೆದ ಆಟಿ ತಿಂಗಳಲ್ಲಿ, ಜುಲೈ-ಆಗಸ್ಟ್ ಹೊತ್ತಿಗೆ, ಸಂತೆಕಟ್ಟೆಯ ಹತ್ತಿರ ಮಳೆಯಲ್ಲಿ ಸ್ಕೂಟರ್ ಜಾರಿತು. ಹೆಲ್ಮೆಟ್ ಕಾಲಿನ ಹತ್ತಿರ ಕೊಕ್ಕೆಯಲ್ಲಿ ನೇತಾಡುತ್ತಿತ್ತು. ಹನ್ನೊಂದು ದಿನ ಆಸ್ಪತ್ರೆ. ಸ್ಕ್ಯಾನ್‌ನಲ್ಲಿ ಹಣೆಯ ಹಿಂದೆ ಎರಡೂ ಕಡೆ ಮೆದುಳು ಜಜ್ಜಿದೆ, ಎಡಕ್ಕೆ ಜಾಸ್ತಿ ಎಂದರು. ಆಪರೇಷನ್ ಬೇಕಾಗಲಿಲ್ಲ. ಬಿಡುಗಡೆಯ ದಿನ ಹೆಸರು, ವಾರ, ಪ್ರಧಾನಿ ಯಾರು, ನೂರರಿಂದ ಏಳೇಳು ಕಳೆಯುತ್ತ ಬನ್ನಿ ಎಂದೆಲ್ಲ ಕೇಳಿದರು. ಅಣ್ಣ ಎಲ್ಲದಕ್ಕೂ ಸರಿ ಉತ್ತರ ಹೇಳಿದ. ನಾವು ನರಸಿಂಹನಿಗೆ ಹರಕೆ ಹೇಳಿಕೊಂಡಿದ್ದೆವು, ತೀರಿಸಿ ಬಂದೆವು.

ಮನೆಗೆ ಬಂದ ಮೇಲೆ ಒಂದೊಂದಾಗಿ ಗೊತ್ತಾಯಿತು. ಬೆಳಿಗ್ಗೆ ಎದ್ದು ಜಗಲಿಯಲ್ಲಿ ಕೂತರೆ ಮಧ್ಯಾಹ್ನದವರೆಗೂ ಅಲ್ಲೇ. "ಸ್ನಾನ ಮಾಡಿ" ಎಂದರೆ ಎದ್ದು ಮಾಡುತ್ತಾನೆ, ಹೇಳದಿದ್ದರೆ ಇಲ್ಲ. ಬೇಸರವೂ ಇಲ್ಲ, ದುಃಖವೂ ಇಲ್ಲ. ಇನ್ನೊಂದು ಕಡೆ, ಜನ್ಮದಲ್ಲಿ ಯಾರಿಗೂ ಏರುದನಿಯಲ್ಲಿ ಮಾತಾಡದವನು ಉಪನಯನದ ಮನೆಯ ಯಜಮಾನರು "ಒಂದು ಗೊಜ್ಜು ಹೆಚ್ಚು ಮಾಡಬಹುದಾ" ಎಂದು ಕೇಳಿದ್ದಕ್ಕೆ ಎಲ್ಲರೆದುರು ಬಾಯಿಗೆ ಬಂದಂತೆ ಬೈದ. ಐದು ನಿಮಿಷ ಕಳೆದು ಏನೂ ಆಗದವನ ಹಾಗೆ ಅವರ ಹತ್ತಿರವೇ ಎಲೆಯಡಿಕೆ ಕೇಳಿದ. ಸೋಮಾರಿ ಆಗಿದ್ದಾನೆ ಎಂದರು ಕೆಲವರು. ದೃಷ್ಟಿ ಎಂದರು, ಪ್ರಶ್ನೆ ಇಡಿಸಿ ಎಂದರು. ಅತ್ತಿಗೆ ರಾತ್ರಿ ಫೋನ್ ಮಾಡಿ "ಇವರು ನಮ್ಮವರಲ್ಲ ಅಂತ ಕಾಣ್ತದೆ" ಎಂದು ಅತ್ತರು. ಆ ಮಾತು ಈಗಲೂ ನನ್ನ ಕಿವಿಯಲ್ಲಿ ಉಂಟು.

ನವೆಂಬರಿನಲ್ಲಿ, ತುಳಸಿ ಪೂಜೆ ಮುಗಿದು ಮದುವೆಗಳು ಶುರುವಾಗುವ ಹೊತ್ತಿಗೆ ಈ ಕೇಂದ್ರಕ್ಕೆ ಬಂದೆವು. ಇಲ್ಲಿ ಪರೀಕ್ಷೆ, ಚಿಕಿತ್ಸೆ ನೋಡಿಕೊಂಡ ಮೇಡಂ ಮೊದಲ ದಿನ ಕೇಳಿದ ಎರಡನೇ ಪ್ರಶ್ನೆಯೇ "ಭಟ್ರೇ, ಇಂಗಿನ ವಾಸನೆ ಬರ್ತದಾ?" ಅಣ್ಣ ತಲೆಯಾಡಿಸಿದ. ಬರುವುದಿಲ್ಲ. ಮೂರು ತಿಂಗಳಿಂದ ಬಂದಿಲ್ಲ. ಆಸ್ಪತ್ರೆಯಲ್ಲಿ ಯಾರೂ ಕೇಳಲಿಲ್ಲ, ಒಂದೇ ಅಡುಗೆಮನೆಯಲ್ಲಿ ಪಕ್ಕದಲ್ಲಿ ನಿಂತ ನಾನೂ ಕೇಳಲಿಲ್ಲ. ಅವನಾಗಿಯೇ ಹೇಳಲೂ ಇಲ್ಲ. ವಾಸನೆಯ ನರದ ಎಳೆಗಳು ಮೂಗಿನ ಮೇಲೆ ಜರಡಿಯ ಹಾಗಿರುವ ಒಂದು ಎಲುಬಿನ ತೂತುಗಳಲ್ಲಿ ಹಾದು ಮೆದುಳಿಗೆ ಹೋಗುತ್ತವಂತೆ. ತಲೆ ರಸ್ತೆಗೆ ಬಡಿದಾಗ ಒಳಗೆ ಮೆದುಳು ಜಾರಿ ಆ ಎಳೆಗಳು ಕಡಿದುಹೋಗಬಹುದು. ಅದರ ಅಕ್ಕಪಕ್ಕದ ಎಲುಬು ಒರಟು, ಏಣುಏಣು. ಅದರ ಮೇಲೆ ಉಜ್ಜಿಕೊಳ್ಳುವುದು ಮೆದುಳಿನ ಮುಂಭಾಗದ ಹಾಲೆಯ (ಲೋಬ್) ಅಡಿಭಾಗ, ಬಾಯಿಗೂ ಕೈಗೂ ತಡೆ ಹಾಕುವುದರಲ್ಲಿ ಪಾತ್ರವಿರುವ ಜಾಗ. ಹಾಗಾಗಿ ವಾಸನೆ ಹೋದವನ ಸ್ವಭಾವವನ್ನೂ ವಿಚಾರಿಸಬೇಕು ಎಂದು ಅವರ ಲೆಕ್ಕ. ಆ ಒಂದೇ ಪ್ರಶ್ನೆಯಿಂದ ನನಗೆ ಇವರ ಮೇಲೆ ನಂಬಿಕೆ ಬಂತು.

ಪರೀಕ್ಷೆ ಎರಡು ದಿನ, ದಿನಕ್ಕೆ ಎರಡೂವರೆ ಗಂಟೆ. ಒಟ್ಟು 4,500 ರೂಪಾಯಿ ಆಯಿತು. ಕೆಲವು ಹೊತ್ತು ನನ್ನನ್ನೂ ಕೋಣೆಯ ಮೂಲೆಯಲ್ಲಿ ಕೂರಿಸಿಕೊಂಡರು. ಅಂಕಿಗಳನ್ನು ಹೇಳಿ ಅದೇ ಕ್ರಮದಲ್ಲಿ ಹೇಳಿ ಎಂದರೆ ಅಣ್ಣ ಏಳರವರೆಗೆ ಹೇಳಿದ. ತಿರುಗಿಸಿ ಹೇಳಿ ಎಂದರೆ ಮೂರಕ್ಕೇ ನಿಂತ. 'ಕ' ಅಕ್ಷರದಿಂದ ಶುರುವಾಗುವ ಪದಗಳನ್ನು ಒಂದು ನಿಮಿಷ ಹೇಳಿ ಎಂದಾಗ "ಕಡಾಯಿ, ಕೊಪ್ಪರಿಗೆ, ಕಾವಲಿ, ಕಾಯಿ, ಕಡ್ಲೆ, ಕಾಯಿ, ಕಾಯಿ..." ಅಲ್ಲಿಂದ ಮುಂದೆ ಹೋಗಲೇ ಇಲ್ಲ. 'ಕೆಂಪು' ಎನ್ನುವ ಪದವನ್ನು ಹಸಿರು ಶಾಯಿಯಲ್ಲಿ ಬರೆದು, ಓದಬೇಡಿ, ಬಣ್ಣ ಹೇಳಿ ಎನ್ನುವ ಪರೀಕ್ಷೆ ಉಂಟು, 1935ರಲ್ಲಿ ಸ್ಟ್ರೂಪ್ ಎನ್ನುವವರು ಪ್ರಕಟಿಸಿದ್ದು. ಬಾಯಿಗೆ ತಾನಾಗಿ ಬರುವ ಉತ್ತರವನ್ನು ತಡೆಹಿಡಿಯಲು ಆಗುತ್ತದಾ ಎಂದು ಅದರಲ್ಲಿ ನೋಡುವುದು. ಅಣ್ಣನಿಗೆ ಅದು ತುಂಬಾ ಕಷ್ಟವಾಯಿತು.

ನನಗೆ ಹೊಟ್ಟೆಯಲ್ಲಿ ಸಂಕಟವಾದದ್ದು ಇಸ್ಪೀಟಿನ ಹಾಗಿನ ಎಲೆಗಳ ಪರೀಕ್ಷೆಯಲ್ಲಿ. ಎಲೆಗಳನ್ನು ಬಣ್ಣದಿಂದ ಜೋಡಿಸಬೇಕಾ, ಆಕಾರದಿಂದಲಾ, ಸಂಖ್ಯೆಯಿಂದಲಾ ಎಂದು ಅವರು ಹೇಳುವುದಿಲ್ಲ, ಸರಿ ಅಥವಾ ತಪ್ಪು ಎಂದಷ್ಟೇ ಹೇಳುತ್ತಾರೆ. ಅಣ್ಣ ಬಣ್ಣ ಎಂದು ಬೇಗ ಕಂಡುಹಿಡಿದ. ಸ್ವಲ್ಪ ಹೊತ್ತಿಗೆ ಅವರು ಸದ್ದಿಲ್ಲದೆ ನಿಯಮ ಬದಲಿಸಿದರು. ಅಣ್ಣ ಬಣ್ಣವನ್ನೇ ಹಿಡಿದುಕೊಂಡು ಹೋದ. "ತಪ್ಪು." ಮತ್ತೆ ಬಣ್ಣ. "ತಪ್ಪು." ಒಂದು ಸಲ ಎಲೆ ಕೈಯಲ್ಲಿ ಎತ್ತಿಕೊಂಡು "ಇದೂ ತಪ್ಪು ಅಂತಾರೆ ಈಗ" ಎಂದು ತಾನೇ ಹೇಳಿ, ಅಲ್ಲೇ ಇಟ್ಟ. ತಪ್ಪು ಎಂದು ಗೊತ್ತಿದೆ, ಆದರೂ ಕೈ ಹಳೆಯ ದಾರಿ ಬಿಡುವುದಿಲ್ಲ. ಹಣೆಯ ಹಿಂದಿನ ಭಾಗಕ್ಕೆ ಏಟಾದವರಲ್ಲಿ ಹೀಗಾಗುವುದನ್ನು ಬ್ರೆಂಡಾ ಮಿಲ್ನರ್ ಎನ್ನುವ ಮನೋವಿಜ್ಞಾನಿ 1963ರಲ್ಲಿ ಕೆನಡಾದ ಮಾಂಟ್ರಿಯಲ್‌ನಿಂದ ವರದಿ ಮಾಡಿದ್ದರಂತೆ.

ಮೂರನೇ ಭೇಟಿಗೆ ಇವರು ಅಣ್ಣನನ್ನು ಅಡುಗೆಮನೆಗೆ ಕರೆದುಕೊಂಡು ಹೋದರು. ಈ ಕೇಂದ್ರದ ನಿಜವಾದ ಬೆಲೆ ಇರುವುದು ಅಲ್ಲಿ. ಚಿಕ್ಕ ಕೋಣೆ, ಎರಡು ಬರ್ನರ್ ಒಲೆ, ಒಂದು ತುರಿಮಣೆ, ಗೋಡೆಗೆ ದೊಡ್ಡ ಗಡಿಯಾರ. ನಾಲ್ಕು ಜನಕ್ಕೆ ಅನ್ನ, ತೊವ್ವೆ, ಸಾರು, ಅಲಸಂಡೆ ಪಲ್ಯ. ಒಂದು ಗಂಟೆ. ನಿದ್ದೆಗಣ್ಣಲ್ಲೂ ಮಾಡುವ ಅಡುಗೆ ಇದು. ನಾನು ಬಾಯಿ ಬಿಡಕೂಡದು ಎಂದು ಮೊದಲೇ ಹೇಳಿದ್ದರು.

ಅಣ್ಣ ಮೊದಲು ಅಲಸಂಡೆ ಹೆಚ್ಚಿದ. ಎಷ್ಟು ಚಂದ ಹೆಚ್ಚಿದ ಎಂದರೆ, ಒಂದೊಂದು ತುಂಡೂ ಅಳೆದ ಹಾಗೆ. ಪಲ್ಯಕ್ಕೆ ಬೇಕಾದದ್ದು ಕಾಲು ಕಿಲೋ, ಅಲ್ಲಿದ್ದದ್ದು ಒಂದು ಕಿಲೋ, ಪೂರ್ತಿ ಹೆಚ್ಚಿದ. ಕೈಗೆ ಸಿಕ್ಕಿದ ಕಾಯಿ ಒಡೆದ, ತುರಿಮಣೆಯಲ್ಲಿ ಕೂತು ಎರಡೂ ಕಡಿ ತುರಿದ. ಇಪ್ಪತ್ತೈದು ನಿಮಿಷ ಹೋಯಿತು. ಬೇಳೆ ಒಲೆಗೆ ಇಟ್ಟಿಲ್ಲ, ಅಕ್ಕಿ ತೊಳೆದಿಲ್ಲ. ಆಮೇಲೆ ಸೌಟಿನಲ್ಲಿ ಎಣ್ಣೆ ಬಿಸಿಗಿಟ್ಟು ಸಾಸಿವೆ ಹಾಕಿದ. ಸಾಸಿವೆ ಸಿಡಿಯಿತು, ಕರಿಬೇವು ಹಾಕಿದ, ಸೌಟು ಎತ್ತಿ ಹಿಡಿದುಕೊಂಡ. ಒಗ್ಗರಣೆ ಹಾಕಲಿಕ್ಕೆ ಪಾತ್ರೆಯಲ್ಲಿ ಏನೂ ಇಲ್ಲ. ಸೌಟು ಹಿಡಿದು ನನ್ನ ಕಡೆ ನೋಡಿ "ಮಾಣಿ, ಈಗ ಎಂತ ಮಾಡುದ್?" ಎಂದ.

ಮೂವತ್ತು ವರ್ಷದಲ್ಲಿ ಆ ಪ್ರಶ್ನೆ ಕೇಳುತ್ತಿದ್ದವನು ನಾನು, ಉತ್ತರ ಹೇಳುತ್ತಿದ್ದವನು ಅವನು.

ಮೇಡಂ ಅವಸರ ಮಾಡಲಿಲ್ಲ. ಒಲೆ ಆರಿಸಿ ಅಣ್ಣನನ್ನು ಕೂರಿಸಿ ನೀರು ಕೊಟ್ಟರು. ಆಮೇಲೆ ಅದೇ ಅಡುಗೆಯನ್ನು ಒಂದೊಂದೇ ಮೆಟ್ಟಿಲಾಗಿ ಅವರು ಹೇಳುತ್ತ ಹೋದರು, ಅಣ್ಣ ಮಾಡುತ್ತ ಹೋದ. ಐವತ್ತು ನಿಮಿಷದಲ್ಲಿ ಎಲೆಗೆ ಬಂತು. ಸಾರಿನ ರುಚಿ ಅಣ್ಣನದ್ದೇ, ವಾಸನೆ ಬಾರದಿದ್ದರೂ. ಕೈ ಹೋಗಿಲ್ಲ, ರುಚಿಯ ಅಳತೆ ಹೋಗಿಲ್ಲ, ಯಾವುದರ ನಂತರ ಯಾವುದು ಎಂದು ಒಳಗಿನಿಂದ ಹೇಳುವವನು ಮಾತ್ರ ಇಲ್ಲ.

ಊಟ ಮಾಡುತ್ತ ಅವರು ಒಂದು ಕತೆ ಹೇಳಿದರು. ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಎಂಬ ಹೆಸರಾಂತ ಮೆದುಳು ಶಸ್ತ್ರವೈದ್ಯರಿದ್ದರು. 1928ರಲ್ಲಿ ಅವರು ಸ್ವಂತ ಅಕ್ಕನಿಗೇ ಆಪರೇಷನ್ ಮಾಡಬೇಕಾಯಿತು. ಬಲಗಡೆಯ ಮುಂಭಾಗದ ಹಾಲೆಯಲ್ಲಿ ಗೆಡ್ಡೆ, ಆ ಹಾಲೆಯ ಬಹುಭಾಗ ತೆಗೆದರು. ಆಕೆ ಚೇತರಿಸಿಕೊಂಡರು. ಮಾತು, ನೆನಪು, ಬುದ್ಧಿ ಎಲ್ಲ ಇತ್ತು. ವರ್ಷ ಕಳೆದ ಮೇಲೆ ಒಂದು ದಿನ ತಮ್ಮನನ್ನು ಊಟಕ್ಕೆ ಕರೆದರು. ಮನೆಯವರು ನಾಲ್ವರು, ಅತಿಥಿ ಒಬ್ಬ. ಇಡೀ ದಿನ ಕೈಯಲ್ಲಿತ್ತು. ಊಟದ ಹೊತ್ತಿಗೆ ನೋಡಿದರೆ ಸಾಮಾನೆಲ್ಲ ಅಡುಗೆಮನೆಯಲ್ಲಿ ಇದೆ, ಒಂದೆರಡು ಪಾತ್ರೆ ಒಲೆಯ ಮೇಲಿದೆ, ಮುಖ್ಯ ಅಡುಗೆ ಶುರುವೇ ಆಗಿಲ್ಲ, ಆಕೆ ದಿಕ್ಕು ತೋಚದೆ ನಿಂತಿದ್ದಾರೆ. ಯಾರಾದರೂ ಜೊತೆಗೆ ನಿಂತು ದಾರಿ ತೋರಿಸಿದರೆ ಅಡುಗೆ ಮಾಡಿ ಮುಗಿಸುತ್ತಿದ್ದರು. 1935ರಲ್ಲಿ ಪೆನ್‌ಫೀಲ್ಡ್ ಇದನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು.

ಅಣ್ಣ ಅನ್ನ ಕಲಸುವುದನ್ನು ನಿಲ್ಲಿಸಿ ಕೇಳುತ್ತಿದ್ದ. "ಅವರೂ ಅಡುಗೆಯಲ್ಲೇ ಸಿಕ್ಕಿಬಿದ್ದದ್ದಾ?" ಎಂದ. ಅಪಘಾತದ ನಂತರ ತನ್ನ ಬಗ್ಗೆ ಅವನಾಗಿಯೇ ಕೇಳಿದ ಮೊದಲ ಪ್ರಶ್ನೆ ಅದು.

ಯೋಜನೆ ಹಾಕುವುದು, ಕ್ರಮ ಹಿಡಿಯುವುದು, ತಡೆದುಕೊಳ್ಳುವುದು, ಬೇಕಾದಾಗ ಹೊರಳುವುದು, ಈ ಸಾಮರ್ಥ್ಯಗಳಿಗೆ ಡಾಕ್ಟರರ ಭಾಷೆಯಲ್ಲಿ ಎಕ್ಸಿಕ್ಯೂಟಿವ್ ಫಂಕ್ಷನ್ ಎನ್ನುತ್ತಾರೆ. ನಮ್ಮ ಅಡುಗೆಮನೆಯ ಮಾತಿನಲ್ಲಿ ಯಜಮಾನಿಕೆ. ಮೇಡಂ ಒಂದು ಹಾಳೆಯಲ್ಲಿ ಮೆದುಳಿನ ಚಿತ್ರ ಬರೆದು ವಿವರಿಸಿದ್ದನ್ನು ಹಾಗೇ ಬರೆದುಕೊಂಡಿದ್ದೇನೆ. ಹಣೆಯ ಹಿಂದೆ ತೀರಾ ಮುಂದಿರುವ ಭಾಗ ಪ್ರೀಫ್ರಂಟಲ್ ಕಾರ್ಟೆಕ್ಸ್. ಅದರ ಮೇಲಿನ ಹೊರಮೈ ಡಾರ್ಸೋಲ್ಯಾಟರಲ್ ಭಾಗ. ಮಾಡುತ್ತಿರುವ ಕೆಲಸದ ವಿವರಗಳನ್ನು ಆ ಹೊತ್ತಿಗೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು ಕ್ರಮ ಹಾಕುವುದಕ್ಕೆ, ಯೋಜನೆಗೆ, ಒಂದರಿಂದ ಇನ್ನೊಂದಕ್ಕೆ ಹೊರಳುವುದಕ್ಕೆ ಇದು ಬೇಕು. ಕಣ್ಣಿನ ಗುಳಿಯ ಮೇಲೆ ಕೂತಿರುವ ಅಡಿಭಾಗ ಆರ್ಬಿಟೋಫ್ರಂಟಲ್. ಎದುರಿನವರಿಗೆ ಏನನ್ನಿಸೀತು, ಇದರಿಂದ ಏನಾದೀತು ಎಂದು ತೂಗಿ ಬಾಯಿಗೂ ಕೈಗೂ ತಡೆ ಹಾಕುವುದರಲ್ಲಿ ಇದರ ಪಾತ್ರ ದೊಡ್ಡದು. ಉಪನಯನದ ಮನೆಯ ಬೈಗುಳ ಇದರ ಲೆಕ್ಕಕ್ಕೆ. ಎರಡು ಅರೆಗೋಳಗಳ ನಡುವಿನ ಮಡಿಕೆಯಲ್ಲಿ ಆಂಟೀರಿಯರ್ ಸಿಂಗ್ಯುಲೇಟ್ ಎನ್ನುವ ಭಾಗ. ಎದ್ದು ಕೆಲಸ ಶುರು ಮಾಡುವ ಉಮೇದಿಗೆ, ತಪ್ಪಾಯಿತು ಎಂದು ಎಚ್ಚರಾಗುವುದಕ್ಕೆ ಇದು ಬೇಕು. ಜಗಲಿಯಲ್ಲಿ ಕೂತಲ್ಲೇ ಕೂರುವುದನ್ನು ಸೋಮಾರಿತನ ಎನ್ನಬೇಡಿ, ಒಳಗಿನ ಕಿಡಿಯೇ ಹತ್ತುವುದಿಲ್ಲ ಎಂದು ಮೇಡಂ ಅತ್ತಿಗೆಗೆ ಬಿಡಿಸಿ ಹೇಳಿದರು. ಅತ್ತಿಗೆ ಆ ದಿನ ಬಸ್ಸಿನಲ್ಲಿ ಮೂಲ್ಕಿ ದಾಟುವವರೆಗೂ ಅಣ್ಣನ ಕೈ ಹಿಡಿದುಕೊಂಡೇ ಇದ್ದರು.

ಇವು ಯಾವುವೂ ಒಂಟಿಯಾಗಿ ದುಡಿಯುವುದಿಲ್ಲ. ಮುಂಭಾಗದಿಂದ ಮೆದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎನ್ನುವ ಗಂಟುಗಳಿಗೆ, ಅಲ್ಲಿಂದ ಥಾಲಮಸ್ ಎನ್ನುವ ಇನ್ನೊಂದು ಒಳಭಾಗಕ್ಕೆ, ಅಲ್ಲಿಂದ ತಿರುಗಿ ಮುಂಭಾಗಕ್ಕೆ, ಹೀಗೆ ಸುತ್ತುವ ದಾರಿಗಳುಂಟು. ಪಾರ್ಶ್ವವಾಯುವಿನಲ್ಲಿ ಒಳಗಿನ ಒಂದು ಸಣ್ಣ ಜಾಗಕ್ಕೆ ಏಟಾದರೂ ಮುಂಭಾಗಕ್ಕೆ ಏಟಾದ ಹಾಗೆಯೇ ಕಾಣಬಹುದು. ಸ್ಕ್ಯಾನ್‌ನಲ್ಲಿ ಮುಂಭಾಗ ಚೆನ್ನಾಗಿದೆ ಎಂದು ಬರೆದಿದ್ದರೂ ಇಂಥ ಪರೀಕ್ಷೆ ಮಾಡಿಸುವುದು ಅದಕ್ಕೇ.

ಚಿಕಿತ್ಸೆ ಹದಿನಾಲ್ಕು ವಾರ ನಡೆಯಿತು, ವಾರಕ್ಕೆ ಎರಡು ಸಲ, ಸಲಕ್ಕೆ 900 ರೂಪಾಯಿ. ಮಾತ್ರೆಯಿಂದ ಆಗುವ ಕೆಲಸ ಅಲ್ಲ ಎಂದು ಮೊದಲೇ ಹೇಳಿದ್ದರು. ಕಲಿಸಿದ್ದು ಮುಖ್ಯವಾಗಿ ಒಂದು ಕ್ರಮ: ನಿಲ್ಲು, ಎಂತ ಮಾಡಲಿಕ್ಕೆ ಹೊರಟೆ ಎಂದು ಬಾಯಲ್ಲಿ ಹೇಳು, ಅದನ್ನು ತುಂಡು ತುಂಡು ಮಾಡು, ಒಂದು ತುಂಡು ಮುಗಿಸಿ ಹಿಂತಿರುಗಿ ನೋಡು. ಗೋಲ್ ಮ್ಯಾನೇಜ್‌ಮೆಂಟ್ ಟ್ರೈನಿಂಗ್ ಎನ್ನುವ ಈ ವಿಧಾನದ ಅಧ್ಯಯನ 2000ದಲ್ಲಿ ಬಂತು. ಇವರು ಅದನ್ನು ಪಾಠದ ಹಾಗೆ ಹೇಳಲಿಲ್ಲ, ಅಡುಗೆಗೆ ಇಳಿಸಿದರು. ನಮ್ಮ ಶೆಡ್ಡಿನ ಗೋಡೆಗೆ ಕರಿಹಲಗೆ ಹಾಕಿಸಿದರು. ಅದರಲ್ಲಿ ಹೊತ್ತನ್ನು ಕೆಳಗಿನಿಂದ ಮೇಲಕ್ಕೆ ಬರೆಯಬೇಕು: ತೀರಾ ಕೆಳಗೆ 12.30 ಎಲೆ, ಅದರ ಮೇಲೆ 12.10 ಒಗ್ಗರಣೆಗಳು, 11.30 ಅನ್ನದ ಕೊಪ್ಪರಿಗೆ, ಹೀಗೆ ಹಿಂದಕ್ಕೆ ಹೋಗುತ್ತ ಬೇಳೆ ಇಡುವ ಹೊತ್ತಿನವರೆಗೆ. ಒಂದು ಮುಗಿದರೆ ಅಣ್ಣನೇ ಗೀಟು ಹಾಕಬೇಕು. ಫೋನಿನಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಗಂಟೆ ಹೊಡೆಯುವ ಹಾಗೆ ಮಾಡಿಕೊಟ್ಟರು. ಆ ಗಂಟೆ ಇಂಥದ್ದು ಮಾಡು ಎಂದು ಹೇಳುವುದಿಲ್ಲ. ಕೇಳಿದ ಕೂಡಲೇ ಕೈ ನಿಲ್ಲಿಸಿ ಹಲಗೆ ನೋಡಬೇಕು, ಅಷ್ಟೆ. ಮೊದಲ ವಾರ ಗಂಟೆ ಹೊಡೆದರೆ ಫೋನ್ ನೋಡುತ್ತಿದ್ದ. ಆರನೇ ವಾರಕ್ಕೆ ಹಲಗೆ ನೋಡಲಿಕ್ಕೆ ಶುರು ಮಾಡಿದ. ಸಂತೆಗೂ ಕಳಿಸಿದರು, ಕೈಯಲ್ಲಿ ಚೀಟಿ ಕೊಟ್ಟು, ಇಂತಿಷ್ಟು ಹೊತ್ತಿಗೆ ಇಲ್ಲಿ ಬಂದು ನಿಲ್ಲಬೇಕು ಎಂದು. ಎರಡು ಸಲ ತಪ್ಪಿದ, ಮೂರನೇ ಸಲ ಬಂದ.

ಮನೆಯವರಿಗೂ ಪಾಠ ಇತ್ತು. "ನೆನಪಿಲ್ವಾ?" ಎಂದು ಕೇಳಕೂಡದು, "ಹಲಗೆಯಲ್ಲಿ ಮುಂದೆ ಎಂತ ಉಂಟು?" ಎಂದು ಕೇಳಬೇಕು. ಎರಡು ಮಾತು ಒಟ್ಟಿಗೆ ಹೇಳಕೂಡದು. ಕಣ್ಣೆದುರು ಬೇಡದ ಸಾಮಾನು ಇಡಕೂಡದು. ಎದುರಿಗೆ ಕಾಯಿ ಇದ್ದರೆ ತುರಿಯುತ್ತಾನೆ, ಈಳಿಗೆ ಇದ್ದರೆ ಹೆಚ್ಚುತ್ತಾನೆ, ವಸ್ತುವೇ ಕೈಯನ್ನು ಎಳೆಯುತ್ತದೆ. ಈಗ ನಾವು ಆ ಹೊತ್ತಿಗೆ ಬೇಕಾದದ್ದನ್ನು ಮಾತ್ರ ಒಲೆಯ ಹತ್ತಿರ ಇಡುತ್ತೇವೆ. ಇಷ್ಟು ಸಣ್ಣ ಬದಲಾವಣೆಯಿಂದ ಅರ್ಧ ಗಲಾಟೆ ಕಡಿಮೆಯಾಯಿತು.

ಗುಣವಾಯಿತಾ ಎಂದು ಕೇಳುವವರಿಗೆ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಮಾರ್ಚಿನಲ್ಲಿ ಅರವತ್ತು ಜನರ ಒಂದು ಸತ್ಯನಾರಾಯಣ ಪೂಜೆಯ ಊಟವನ್ನು ಅಣ್ಣ ಹಲಗೆ ನೋಡಿಕೊಂಡು ನಡೆಸಿದ. ನಾನು ಹೆಚ್ಚು ಬಾಯಿ ಹಾಕಲಿಲ್ಲ. ಐನೂರು ಜನರದ್ದು ಆಗುವುದಿಲ್ಲ, ಮುಂದೆಯೂ ಆಗುವುದು ಕಷ್ಟ ಎಂದು ಮೇಡಂ ಮುಚ್ಚುಮರೆ ಇಲ್ಲದೆ ಹೇಳಿದ್ದಾರೆ. ಏಪ್ರಿಲಿನಲ್ಲಿ ಅಡುಗೆಯ ಮಧ್ಯೆ ಗ್ಯಾಸ್ ಸಿಲಿಂಡರ್ ಖಾಲಿಯಾದಾಗ ಹಲಗೆಯಲ್ಲಿ ಅದಕ್ಕೆ ಸಾಲು ಇರಲಿಲ್ಲ, ಅಣ್ಣ ಕಲ್ಲಿನ ಹಾಗೆ ನಿಂತುಬಿಟ್ಟ. ಎಣಿಸದೇ ಬಂದದ್ದಕ್ಕೆ ಹೊರಳುವುದು ಇನ್ನೂ ಬರುವುದಿಲ್ಲ. ವಾಸನೆ ಬಂದಿಲ್ಲ. ಸಿಟ್ಟು ಕಡಿಮೆಯಾಗಿದೆ, ಹೋಗಿಲ್ಲ.

ಈ ವಿಷಯದಲ್ಲಿ ಎಲ್ಲರೂ ಹೇಳುವ ಫಿನಿಯಸ್ ಗೇಜ್‌ನ ಕತೆ ನಾನು ಇಲ್ಲೇ ಕೇಳಿದ್ದು. 1848ರಲ್ಲಿ, ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆ ಶುರುವಾದ ವರ್ಷವೇ, ಅಮೆರಿಕದಲ್ಲಿ ರೈಲುದಾರಿ ಕೆಲಸದ ಫೋರ್‌ಮನ್ ಒಬ್ಬನ ಕೆನ್ನೆಯಿಂದ ನೆತ್ತಿಗೆ ಆರು ಕಿಲೋದ ಕಬ್ಬಿಣದ ಸಲಾಕೆ ಹಾದುಹೋಯಿತು, ಮನುಷ್ಯ ಬದುಕಿದ, ಸ್ವಭಾವ ಬದಲಾಯಿತು. ಇಷ್ಟನ್ನೇ ಎಲ್ಲರೂ ಹೇಳುವುದು. ಆತ ಆಮೇಲೆ ಚಿಲಿ ದೇಶಕ್ಕೆ ಹೋಗಿ ಹಲವು ವರ್ಷ ಕುದುರೆ ಗಾಡಿ ಓಡಿಸಿದ ಎನ್ನುವುದನ್ನು ಮೇಡಂ ಒತ್ತಿ ಹೇಳಿದರು. ಗೊತ್ತಾದ ಹೊತ್ತು, ಗೊತ್ತಾದ ದಾರಿ, ಗೊತ್ತಾದ ಕೆಲಸ. ಕ್ರಮ ಹೊರಗಿನಿಂದ ಸಿಕ್ಕರೆ ಮನುಷ್ಯ ದುಡಿಯಬಲ್ಲ. ಅಣ್ಣನಿಗೆ ಈಗ ನಾವು ವಾರಕ್ಕೆ ಎರಡು ಸಣ್ಣ ಊಟ ಕೊಡುತ್ತೇವೆ, ಬಗೆ ಬದಲಿಸುವುದಿಲ್ಲ.

ಕಡಿಮೆಯಾದ ನಕ್ಷತ್ರದ ಲೆಕ್ಕ. ಕಾಯುವ ಜಾಗದಲ್ಲಿ ಟಿವಿ ಜೋರಾಗಿ ಓಡುತ್ತದೆ. ಗಮನ ಒಂದು ಕಡೆ ನಿಲ್ಲದವರೇ ಬರುವ ಜಾಗ ಇದು, ನಲವತ್ತು ನಿಮಿಷ ಆ ಗದ್ದಲದಲ್ಲಿ ಕೂತು ಒಳಗೆ ಹೋದರೆ ಅಣ್ಣನ ಅರ್ಧ ಶಕ್ತಿ ಮುಗಿದಿರುತ್ತಿತ್ತು. ಹೇಳಿದಾಗ ಆರಿಸಿದರು, ಮುಂದಿನ ವಾರ ಮತ್ತೆ ಹಾಗೇ. ಮನೆಯವರು ತುಂಬಬೇಕಾದ ಫಾರ್ಮು ಪೂರ್ತಿ ಇಂಗ್ಲಿಷಿನಲ್ಲಿ. ಅಣ್ಣನನ್ನು ಹತ್ತಿರದಿಂದ ಬಲ್ಲವರು ಅತ್ತಿಗೆ, ಅವರಿಗೆ ಓದಲಾಗಲಿಲ್ಲ, ಎಂಟು ಪುಟ ನಾನು ಓದಿ ಹೇಳಿ ಬರೆದೆ. ಕೆಲವು ಮಾತು ಅವರು ಮೈದುನನ ಎದುರು ಹೇಳಲಾರದೆ ಬಿಟ್ಟದ್ದೂ ಉಂಟು. ಕನ್ನಡದಲ್ಲಿ ಒಂದು ಪ್ರತಿ ಮಾಡಿಸಿ. ನಮ್ಮ ವಿಮೆಯಿಂದ ಒಂದು ರೂಪಾಯಿ ಸಿಗಲಿಲ್ಲ, ಅದಕ್ಕೆ ಇವರನ್ನು ದೂರುವುದಿಲ್ಲ.

ಬರುವವರು ಬೆಳಗ್ಗಿನ ಸಮಯವನ್ನೇ ಕೇಳಿ ತೆಗೆದುಕೊಳ್ಳಿ, ಮಧ್ಯಾಹ್ನದ ಮೇಲೆ ಇಂಥವರ ತಲೆ ಬೇಗ ದಣಿಯುತ್ತದೆ. ಸ್ಕ್ಯಾನಿನ ವರದಿಯ ಜೊತೆ ಫಿಲ್ಮನ್ನೂ ತನ್ನಿ. ನಿಮ್ಮವರು ಮೊದಲು ಏನು ಕೆಲಸ ಮಾಡುತ್ತಿದ್ದರು, ಅದರಲ್ಲಿ ಈಗ ಎಲ್ಲಿ ನಿಲ್ಲುತ್ತಾರೆ ಎಂದು ಒಂದು ವಾರ ನೋಡಿ ಬರೆದುಕೊಂಡು ಬನ್ನಿ. ಇವರು ಅಲ್ಲಿಂದಲೇ ಶುರು ಮಾಡುತ್ತಾರೆ. ಉಡುಪಿಯಿಂದ ಬರುವವರಾದರೆ ಏಳು ಗಂಟೆಯ ಬಸ್ಸು ಹಿಡಿಯಿರಿ, ಕಿಟಕಿ ಪಕ್ಕ ಕೂರಿಸಿ. ನಮ್ಮದು ಮುಂದಿನ ಭೇಟಿ ಅಕ್ಟೋಬರಿಗೆ. ಹಲಗೆಯ ತುದಿಯಲ್ಲಿ ಆ ತಾರೀಕನ್ನು ಅಣ್ಣನೇ ಬರೆದಿದ್ದಾನೆ. ಕೆಳಗೆ ನಾನು ಹೇಳದೇ ಇದ್ದ ಒಂದು ಸಾಲೂ ಇದೆ: "ಮೇಡಂಗೆ ಸಾರಿನ ಪುಡಿ."